ಕಡಲ ಕರೆಯ ಜಾಗ ಮತ್ತು ಸಿಆರ್‌ಝಡ್: ನಕ್ಷೆ ಓದುವುದರಿಂದ ಹಸಿರು ನ್ಯಾಯಮಂಡಳಿಯವರೆಗೆ

ಮನೆ ಕಟ್ಟಲು ಪಂಚಾಯತಿಗೆ ಅರ್ಜಿ ಕೊಟ್ಟಾಗ ‘ಸಿಆರ್‌ಝಡ್ ಬರ್ತದೆ, ಆಗುವುದಿಲ್ಲ’ ಎಂಬ ಉತ್ತರ ಕರಾವಳಿಯಲ್ಲಿ ಹೊಸತಲ್ಲ. ಸಿಆರ್‌ಝಡ್ ಎಂದರೆ ಕರಾವಳಿ ನಿಯಂತ್ರಣ ವಲಯ, ಕಡಲು ಮತ್ತು ಹಿನ್ನೀರಿನ ದಂಡೆಯಲ್ಲಿ ಕಟ್ಟಡ ಮುಂತಾದವಕ್ಕೆ ನಿರ್ಬಂಧವಿರುವ ಜಾಗ. ಅದೇ ಊರಿನ ಕಡಲ ಬದಿಯಲ್ಲಿ ರೆಸಾರ್ಟಿನ ಆವರಣ ಗೋಡೆ ಏಳುವಾಗ ಮಾತ್ರ ಆ ಪದ ಯಾರ ಬಾಯಿಗೂ ಬರುವುದಿಲ್ಲ. ಎರಡು ಕಡೆಯೂ ಕೊರತೆ ಒಂದೇ. ನಕ್ಷೆ ಯಾರ ಕೈಯಲ್ಲೂ ಇರುವುದಿಲ್ಲ, ಉತ್ತರವನ್ನು ಯಾರೂ ಬರವಣಿಗೆಯಲ್ಲಿ ಕೇಳಿರುವುದಿಲ್ಲ. ಮನೆಗೆ ಪರವಾನಗಿ ಪಡೆಯುವವರಿಗೂ, ಮೀನು ಒಣಗಿಸುವ ಜಾಗ ಉಳಿಸಿಕೊಳ್ಳಬೇಕಾದವರಿಗೂ, ಅಕ್ರಮದ ವಿರುದ್ಧ ದೂರು ಕೊಡುವವರಿಗೂ ಕೆಲಸ ಶುರುವಾಗುವುದು ನಕ್ಷೆಯಿಂದಲೇ.

ಯಾವ ಕಾನೂನು

ಸಿಆರ್‌ಝಡ್ ಎಂಬುದು ಪ್ರತ್ಯೇಕ ಕಾಯ್ದೆಯಲ್ಲ. 1986ರ ಪರಿಸರ ಸಂರಕ್ಷಣಾ ಕಾಯ್ದೆಯಡಿ ಕೇಂದ್ರ ಸರಕಾರ ಹೊರಡಿಸಿದ ಅಧಿಸೂಚನೆ. ಮೊದಲನೆಯದು 1991ರ ಫೆಬ್ರವರಿ 19ರದ್ದು, ಎರಡನೆಯದು 2011ರ ಜನವರಿ 6ರದ್ದು, ಈಗ ನಡೆಯುತ್ತಿರುವುದು 2019ರ ಜನವರಿ 18ರದ್ದು. ಮೊದಲ ದಿನಾಂಕವನ್ನು ನೆನಪಿಟ್ಟುಕೊಳ್ಳಿ. ಹಳೆಯ ಮನೆ, ಹಳೆಯ ಕಟ್ಟೆ ಎಂಬ ಮಾತು ಬಂದಾಗಲೆಲ್ಲ ಅಧಿಕಾರಿಗಳು ಹಿಂದಿರುಗಿ ನೋಡುವುದು ಆ ದಿನವನ್ನೇ.

ಕಡಲ ಬದಿಯಲ್ಲಿ ಭರತ ರೇಖೆಯಿಂದ, ಅಂದರೆ ಉಬ್ಬರದ ಗೆರೆಯಿಂದ, ನೆಲದ ಕಡೆಗೆ 500 ಮೀಟರ್ ಸಿಆರ್‌ಝಡ್. ಉಪ್ಪುನೀರು ಏರುವ ನದಿ, ಹೊಳೆ, ಹಿನ್ನೀರಿನ ದಂಡೆಯಲ್ಲಿ 50 ಮೀಟರ್ ಅಥವಾ ಆ ಹೊಳೆಯ ಅಗಲ, ಎರಡರಲ್ಲಿ ಯಾವುದು ಕಡಿಮೆಯೋ ಅಷ್ಟು. 18 ಮೀಟರ್ ಅಗಲದ ತೋಡಾದರೆ ದಂಡೆಯಿಂದ 18 ಮೀಟರ್ ಮಾತ್ರ. 2011ರ ಅಧಿಸೂಚನೆಯಲ್ಲಿ ಈ 50 ಎಂಬುದು 100 ಆಗಿತ್ತು. ಹಳೆಯ ನಕ್ಷೆ ಹಿಡಿದು ‘ಆಗುವುದಿಲ್ಲ’ ಎಂದವರಿಗೆ ಇದನ್ನು ನೆನಪಿಸಬೇಕಾಗುತ್ತದೆ. ಉಪ್ಪುನೀರು ಎಲ್ಲಿಯವರೆಗೆ ಏರುತ್ತದೆ ಎಂಬುದಕ್ಕೂ ಅಳತೆ ಇದೆ: ವರ್ಷದ ಅತಿ ಒಣ ಕಾಲದಲ್ಲಿ ನೀರಿನ ಲವಣಾಂಶ ಸಾವಿರಕ್ಕೆ 5 ಭಾಗ ಇರುವ ಜಾಗದವರೆಗೆ. ಬೇಸಗೆಯಲ್ಲಿ ಬಾವಿಯ ನೀರು ಸವಳಾಗುವ ಊರುಗಳು ಸಾಮಾನ್ಯವಾಗಿ ಈ ಗಡಿಯ ಆಸುಪಾಸಿನಲ್ಲೇ ಇರುತ್ತವೆ.

ಭರತ ರೇಖೆ ಎಂದರೆ ಹುಣ್ಣಿಮೆ, ಅಮಾವಾಸ್ಯೆಯ ದೊಡ್ಡ ಭರತದಲ್ಲಿ ನೀರು ತಲುಪುವ ಅತಿ ಮೇಲಿನ ಗೆರೆ. ಊರಿನ ಹಿರಿಯರಿಗೆ ಅದು ಕಣ್ಣಳತೆಯಲ್ಲೇ ಗೊತ್ತು. ಕಾನೂನಿಗೆ ಮಾತ್ರ ಆ ಕಣ್ಣಳತೆ ಸಾಲದು. ಚೆನ್ನೈನ ರಾಷ್ಟ್ರೀಯ ಸುಸ್ಥಿರ ಕರಾವಳಿ ನಿರ್ವಹಣಾ ಕೇಂದ್ರ ಗುರುತಿಸಿ, ಅನುಮೋದಿತ ಕರಾವಳಿ ವಲಯ ನಿರ್ವಹಣಾ ಯೋಜನೆಯ ನಕ್ಷೆಯಲ್ಲಿ ಎಳೆದ ಗೆರೆಯೇ ಲೆಕ್ಕ. ಈ ಮಳೆಗಾಲದಲ್ಲಿ ಕಡಲ್ಕೊರೆತದಿಂದ ತೆಂಗಿನ ಸಾಲು ಹೋಗಿ ನೀರು ಒಳಗೆ ಬಂದಿದೆ ಎಂದು ನಕ್ಷೆಯ ಗೆರೆ ತಾನಾಗಿ ಸರಿಯುವುದಿಲ್ಲ. ಯೋಜನೆಯನ್ನು ಸಾಮಾನ್ಯವಾಗಿ ಐದು ವರ್ಷಕ್ಕೆ ಮೊದಲು ಪರಿಷ್ಕರಿಸುವುದೂ ಇಲ್ಲ.

ನಿಮ್ಮ ಸರ್ವೆ ನಂಬರು ಯಾವ ವಲಯದಲ್ಲಿದೆ

ಬೇಕಾದ ಕಾಗದಗಳು ಮೂರು: ಇತ್ತೀಚಿನ ಆರ್‌ಟಿಸಿ, ಸರ್ವೆ ಇಲಾಖೆಯ ನಕ್ಷೆ, ಕರಾವಳಿ ವಲಯ ನಿರ್ವಹಣಾ ಯೋಜನೆಯ ನಿಮ್ಮ ಗ್ರಾಮದ ಹಾಳೆ. ಗಡಿಕಲ್ಲು ಕಾಣೆಯಾಗಿದ್ದರೆ ಮೊದಲು ಹದ್ದುಬಸ್ತಿಗೆ ಅರ್ಜಿ ಹಾಕಿ. ಜಾಗದ ಗಡಿಯೇ ಗೊತ್ತಿಲ್ಲದೆ ಭರತ ರೇಖೆಯಿಂದ ಎಷ್ಟು ದೂರ ಎಂದು ವಾದಿಸಿ ಪ್ರಯೋಜನವಿಲ್ಲ.

ಯೋಜನೆಯ ಸಾಮಾನ್ಯ ನಕ್ಷೆ 1:25,000 ಪ್ರಮಾಣದ್ದು. ಅಂದರೆ ಕಾಗದದ ಮೇಲಿನ 1 ಮಿಲಿಮೀಟರ್ ನೆಲದ ಮೇಲೆ 25 ಮೀಟರ್. ಪೆನ್ನಿನ ಗೆರೆ ದಪ್ಪಗಾದರೆ ಐದು ಸೆಂಟ್ಸಿನ ಜಾಗ ಅದರೊಳಗೇ ಮುಚ್ಚಿಹೋಗುತ್ತದೆ. ಒಂದು ಮನೆಯ ಹಣೆಬರಹವನ್ನು ಈ ಹಾಳೆಯ ಮೇಲೆ ಅಳತೆಪಟ್ಟಿಯಿಟ್ಟು ತೀರ್ಮಾನಿಸಲು ಯಾರಿಗೂ ಬಿಡಬೇಡಿ. ಸ್ಥಳೀಯ ಮಟ್ಟದ ನಕ್ಷೆ 1:3,960 ಅಥವಾ ಅದಕ್ಕೆ ಹತ್ತಿರದ ಪ್ರಮಾಣದಲ್ಲಿ ಇರಬೇಕು. ಇದು ಹಳೆಯ ಲೆಕ್ಕದ ಮೈಲಿಗೆ 16 ಇಂಚು. ಅದರಲ್ಲಿ 1 ಸೆಂಟಿಮೀಟರಿಗೆ 39.6 ಮೀಟರ್ ಬರುತ್ತದೆ, ಸರ್ವೆ ನಂಬರುಗಳೂ ಕಾಣುತ್ತವೆ. ಕೇಳಬೇಕಾದ್ದು ಇದನ್ನೇ.

ಮಂಗಳೂರು, ಉಡುಪಿ, ಕಾರವಾರದಲ್ಲಿರುವ ಪ್ರಾದೇಶಿಕ ನಿರ್ದೇಶಕರ (ಪರಿಸರ) ಕಚೇರಿಗೆ ಹೋಗಿ ನಕ್ಷೆ ನೋಡಬಹುದು. ನೋಡಿ ಬಂದರಷ್ಟೇ ಸಾಲದು, ಪ್ರತಿ ಬೇಕು. ಕೊಡಲು ತಡ ಮಾಡಿದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಕರ್ನಾಟಕದಲ್ಲಿ ಶುಲ್ಕ 10 ರೂಪಾಯಿ. ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು, ಸಾಮಾನ್ಯವಾಗಿ 150 ಪದ ಮೀರಬಾರದು. ‘ಬಹು ವಿಷಯ’ ಎಂದು ವಾಪಸಾಗುವ ಅರ್ಜಿಗಳು ಎಡವುವುದು ಇಲ್ಲೇ. ಒಕ್ಕಣೆ ಹೀಗಿರಲಿ:

“ಹೋಬಳಿ …, ಗ್ರಾಮ …, ಸರ್ವೆ ನಂಬರ್ … ಇದಕ್ಕೆ ಸಂಬಂಧಿಸಿ: 2019ರ ಸಿಆರ್‌ಝಡ್ ಅಧಿಸೂಚನೆಯಂತೆ ಅನುಮೋದಿತವಾದ ಕರಾವಳಿ ವಲಯ ನಿರ್ವಹಣಾ ಯೋಜನೆಯ ಸಂಬಂಧಪಟ್ಟ ಹಾಳೆಯ ದೃಢೀಕೃತ ಪ್ರತಿ, ಇದೇ ಸರ್ವೆ ನಂಬರಿನ ಸ್ಥಳೀಯ ಮಟ್ಟದ ನಕ್ಷೆಯ ದೃಢೀಕೃತ ಪ್ರತಿ, ಸದರಿ ಸರ್ವೆ ನಂಬರ್ ಯಾವ ವರ್ಗದಲ್ಲಿ ಬರುತ್ತದೆ ಎಂಬುದನ್ನು ತೋರಿಸುವ, ಕಚೇರಿಯಲ್ಲಿ ಲಭ್ಯವಿರುವ ದಾಖಲೆಯ ಪ್ರತಿ.”

‘ಯಾಕೆ’, ‘ಹೇಗೆ’ ಎಂದು ಕೇಳಬೇಡಿ. ಮಾಹಿತಿ ಹಕ್ಕಿನಲ್ಲಿ ಸಿಗುವುದು ದಾಖಲೆ, ವಿವರಣೆಯಲ್ಲ. 30 ದಿನದಲ್ಲಿ ಉತ್ತರ ಬರಬೇಕು. ಬಾರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ, ಅದೂ ಆಗದಿದ್ದರೆ 90 ದಿನದೊಳಗೆ ಮಾಹಿತಿ ಆಯೋಗಕ್ಕೆ ಎರಡನೆಯದು.

ಹಾಳೆ ಕೈಗೆ ಬಂದ ಮೇಲೆ ಅದರ ಮೇಲಿನ ಹೆಸರುಗಳನ್ನು ಹೀಗೆ ಓದಿಕೊಳ್ಳಿ. 1ಎ ಎಂದರೆ ಅತಿಸೂಕ್ಷ್ಮ ಜಾಗ: ಕಾಂಡ್ಲಾ (ಮ್ಯಾಂಗ್ರೋವ್) ವನ, ಮರಳ ದಿಬ್ಬ, ಕಡಲಾಮೆ ಮೊಟ್ಟೆಯಿಡುವ ಕರೆ, ಉಪ್ಪು ಜೌಗು, ಜೀವಿಗಳಿರುವ ಕೆಸರು ಬಯಲು. ಕಾಂಡ್ಲಾ 1,000 ಚದರ ಮೀಟರಿಗಿಂತ ಹೆಚ್ಚಿದ್ದರೆ ಸುತ್ತ 50 ಮೀಟರ್ ಕೂಡ 1ಎ. 1ಬಿ ಎಂದರೆ ಭರತ ಮತ್ತು ಇಳಿತದ ಗೆರೆಗಳ ನಡುವಿನ ಜಾಗ. 2 ಎಂದರೆ ನಗರ ಪ್ರದೇಶದಲ್ಲಿ ಆಗಲೇ ಕಟ್ಟಡ ತುಂಬಿದ ಜಾಗ. 3 ಹಳ್ಳಿ. ಇದರಲ್ಲೂ ಎರಡು ಪಾಲು: 2011ರ ಜನಗಣತಿಯಂತೆ ಚದರ ಕಿಲೋಮೀಟರಿಗೆ 2,161ಕ್ಕಿಂತ ಹೆಚ್ಚು ಜನರಿದ್ದರೆ 3ಎ, ಉಳಿದದ್ದು 3ಬಿ. 4 ಎಂದರೆ ನೀರು. ಕಡಲಲ್ಲಿ 12 ನಾಟಿಕಲ್ ಮೈಲಿವರೆಗೆ 4ಎ, ನದಿ ಹಿನ್ನೀರು 4ಬಿ. ಈ ನೀರಿನಲ್ಲಿ ಸ್ಥಳೀಯರ ಸಾಂಪ್ರದಾಯಿಕ ಮೀನುಗಾರಿಕೆಗೆ ಅಧಿಸೂಚನೆಯ ಅಡ್ಡಿಯಿಲ್ಲ. ನಾಡದೋಣಿ, ಕೈರಂಪಣಿಯವರನ್ನು (ದಡದಿಂದ ಕೈಯಲ್ಲಿ ಬಲೆ ಎಳೆಯುವವರನ್ನು) ‘ಸಿಆರ್‌ಝಡ್’ ಎಂದು ಹೆದರಿಸುವವರಿಗೆ ತೋರಿಸಬೇಕಾದ ಸಾಲು ಇದು.

3ಎ, 3ಬಿ ವ್ಯತ್ಯಾಸ ಬರಿಯ ಹೆಸರಿನದಲ್ಲ. 3ಬಿಯಲ್ಲಿ ಕಡಲ ಬದಿಯ ಮೊದಲ 200 ಮೀಟರ್ ಅಭಿವೃದ್ಧಿ ನಿಷಿದ್ಧ ವಲಯ, 3ಎಯಲ್ಲಿ 50 ಮೀಟರ್ ಮಾತ್ರ. ಆದರೆ ಈ 50 ಸಿಗುವುದು ಹೊಸ ಅಧಿಸೂಚನೆಯಂತೆ ಜನರ ಅಭಿಪ್ರಾಯ ಪಡೆದು ಮಾಡಿದ ಯೋಜನೆಗೆ ಅನುಮೋದನೆ ಬಂದಿದ್ದರೆ ಮಾತ್ರ. ಇಲ್ಲದಿದ್ದರೆ ಅಲ್ಲೂ 200. ದಲ್ಲಾಳಿಗಳು ‘ಈಗ ಬರೀ 50 ಮೀಟರ್’ ಎಂದು ಜಾಗ ಮಾರುವಾಗ ಹೇಳದೆ ಬಿಡುವುದು ಈ ಎರಡನೆಯ ಮಾತನ್ನು.

ಗಜನಿ (ಉಪ್ಪುನೀರು ಏರುವ ಹೊಳೆ ಬದಿಯ ಗದ್ದೆ) ಇರುವವರಿಗೆ ಒಂದು ವಿಶೇಷ. ಅಘನಾಶಿನಿಯಂಥ ಕಡೆ ಖಾರ್‌ಲ್ಯಾಂಡ್ ಕಟ್ಟೆ (ಉಪ್ಪುನೀರು ತಡೆಯುವ ಒಡ್ಡು) ಅಥವಾ ಬಾಗಿಲು 1991ರ ಫೆಬ್ರವರಿ 19ಕ್ಕೆ ಮೊದಲೇ ಕಟ್ಟಿದ್ದಾದರೆ ಭರತ ರೇಖೆ ಆ ಕಟ್ಟೆಗೇ ನಿಲ್ಲುತ್ತದೆ, ಒಳಗಿನ ಗದ್ದೆಯ ಕೊನೆವರೆಗೆ ಹೋಗುವುದಿಲ್ಲ. ಕಟ್ಟೆಯ ಒಳಗೆ ಉಪ್ಪುನೀರಿನಿಂದ ಕಾಂಡ್ಲಾ ಬೆಳೆದಿದ್ದರೆ ಮಾತ್ರ ಅಷ್ಟು ಜಾಗ, ಎಷ್ಟೇ ಚಿಕ್ಕದಿರಲಿ, 1ಎ ಆಗುತ್ತದೆ. ಕಟ್ಟೆಯ ವಯಸ್ಸು ತೋರಿಸಲು ಹಳೆಯ ಸರಕಾರಿ ಕಾಮಗಾರಿ ಕಡತ ಹುಡುಕಬೇಕು. ಆ ದಿನಾಂಕದ ನಂತರ ಕಟ್ಟಿದ ಕಿಂಡಿ ಅಣೆಕಟ್ಟಿಗೆ ಈ ರಿಯಾಯಿತಿ ಇಲ್ಲ. ಹಿನ್ನೀರಿನ ಕುದ್ರುಗಳಿಗೂ (ನಡುಗಡ್ಡೆಗಳಿಗೂ) ಲೆಕ್ಕ ಬೇರೆ: ಅಲ್ಲಿ ಸಿಆರ್‌ಝಡ್ ಭರತ ರೇಖೆಯಿಂದ 20 ಮೀಟರ್. ಕಾರವಾರ ಮತ್ತು ಕುಂದಾಪುರವನ್ನು ಅಧಿಸೂಚನೆ ‘ಅತಿ ದುರ್ಬಲ ಕರಾವಳಿ ಪ್ರದೇಶ’ಗಳ ಪಟ್ಟಿಯಲ್ಲಿ ಹೆಸರಿಸಿ, ಮೀನುಗಾರರೂ ಸೇರಿದಂತೆ ಕರಾವಳಿ ಸಮುದಾಯಗಳನ್ನು ಸೇರಿಸಿಕೊಂಡೇ ನಿರ್ವಹಿಸಬೇಕು ಎಂದಿದೆ. ಆ ಭಾಗದವರು ಬರೆಯುವ ಪ್ರತಿ ಅರ್ಜಿಯಲ್ಲೂ ಈ ಮಾತು ಇರಲಿ.

ಮನೆ ಕಟ್ಟಲು, ಹಳೆಯ ಮನೆ ರಿಪೇರಿಗೆ

ಹಳ್ಳಿಯಲ್ಲಿ, ಕಡಲ ಬದಿಯಲ್ಲಿ, ನಿಷಿದ್ಧ ವಲಯದ ಆಚೆ 500 ಮೀಟರಿನೊಳಗೆ: ಸ್ಥಳೀಯರ ವಾಸದ ಮನೆಗೆ ಅವಕಾಶವಿದೆ. ಎತ್ತರ 9 ಮೀಟರ್ ಮೀರಬಾರದು, ನೆಲಮಹಡಿ ಮತ್ತು ಮೇಲೊಂದು ಮಹಡಿ. ಒಟ್ಟು ಕಟ್ಟಡ 300 ಚದರ ಮೀಟರಿನೊಳಗಿದ್ದರೆ, ಅಂದರೆ ಸುಮಾರು 3,229 ಚದರ ಅಡಿ, ಕಡತ ಬೆಂಗಳೂರಿನ ಕರಾವಳಿ ವಲಯ ನಿರ್ವಹಣಾ ಪ್ರಾಧಿಕಾರಕ್ಕೆ ಹೋಗಬೇಕಾಗಿಲ್ಲ. ಪಂಚಾಯತು ಅಥವಾ ನಗರ ಸಂಸ್ಥೆಯೇ ಸಿಆರ್‌ಝಡ್ ನಿಯಮಕ್ಕೆ ಹೊಂದುತ್ತದೆಯೇ ಎಂದು ಪರಿಶೀಲಿಸಿ ಪರವಾನಗಿ ಕೊಡಬಹುದು. ಈ 300 ಎರಡೂ ಮಹಡಿ ಸೇರಿದ ಲೆಕ್ಕ. ಪರಿಶೀಲಿಸಬೇಕು ಎಂಬ ಹೊಣೆ ಪಂಚಾಯತಿನದು, ಆದರೆ ತಪ್ಪಾದರೆ ಮನೆ ಹೋಗುವುದು ನಿಮ್ಮದು. ಆದ್ದರಿಂದ ಅರ್ಜಿಯ ಜತೆ ನೀವೇ ನಕ್ಷೆಯ ಪ್ರತಿ, ಭರತ ರೇಖೆಯಿಂದ ಮನೆಯ ಸಮುದ್ರದ ಕಡೆಯ ಗೋಡೆಗೆ ಇರುವ ದೂರ ಬರೆದ ಚಿತ್ರ ಇಡಿ. ಪರವಾನಗಿ ಪತ್ರದಲ್ಲಿ ವರ್ಗ ಮತ್ತು ದೂರ ಎರಡನ್ನೂ ಬರೆದುಕೊಡಲು ಕೇಳಿ.

200 ಮೀಟರಿನ ಗೆರೆ ಜಾಗದ ನಡುವೆಯೇ ಹಾದುಹೋಗುವುದು ಸಾಮಾನ್ಯ. ಆಗ ಮನೆ ಗೆರೆಯ ಆಚೆಯ ಭಾಗದಲ್ಲೇ ಕೂರಬೇಕು. ಮನೆ ಸರಿಯಾಗಿ ಕೂರಿಸಿ ಕಾರ್ ಶೆಡ್, ಪಾಯಿಖಾನೆ ಗುಂಡಿಯನ್ನು ಮುಂದಕ್ಕೆ ತಂದು ಸಿಕ್ಕಿಬೀಳುವವರಿದ್ದಾರೆ. ಅವೂ ನಿರ್ಮಾಣವೇ.

ನಿಷಿದ್ಧ ವಲಯದೊಳಗೆ ಹೊಸ ಮನೆ ಇಲ್ಲ. ಅಧಿಕೃತವಾಗಿ ಇದ್ದ ಮನೆಯ ರಿಪೇರಿ, ಪುನರ್ನಿರ್ಮಾಣಕ್ಕೆ ಅವಕಾಶವಿದೆ. ಅಡಿಪಾಯದ ವಿಸ್ತೀರ್ಣ, ಒಟ್ಟು ಕಟ್ಟಡದ ಅಳತೆ ಹಿಂದಿನದ್ದನ್ನು ಮೀರಬಾರದು. ಇಲ್ಲಿ ಎಲ್ಲ ಜಗಳವೂ ‘ಅಧಿಕೃತ’ ಎಂಬ ಪದದ ಸುತ್ತ. ಹಳೆಯ ಮನೆ ಕೆಡವುವ ಮೊದಲು ಇಷ್ಟು ಕೂಡಿಟ್ಟುಕೊಳ್ಳಿ: ಮನೆ ತೆರಿಗೆಯ ಹಳೆಯ ರಸೀದಿಗಳು, ವಿದ್ಯುತ್ ಸಂಪರ್ಕ ಪಡೆದ ದಿನಾಂಕದ ದಾಖಲೆ, ಹಳೆಯ ಮತದಾರರ ಪಟ್ಟಿಯ ಪ್ರತಿ, ಪಡಿತರ ಚೀಟಿ, ಪಂಚಾಯತು ರಿಜಿಸ್ಟರಿನ ನಕಲು. ನಾಲ್ಕೂ ಕಡೆಯಿಂದ ಫೋಟೊ, ಟೇಪು ಹಿಡಿದು ಅಡಿಪಾಯದ ಅಳತೆ, ಸಾಧ್ಯವಾದರೆ ಪಿಡಿಒ ಸಮಕ್ಷಮ ಮಹಜರು. ಹಂಚಿನ ಮನೆ ಕೆಡವಿ ನೆಲಸಮ ಮಾಡಿದ ಮೇಲೆ ‘ಇಲ್ಲಿ ಮನೆಯಿತ್ತು’ ಎಂದು ಸಾಬೀತು ಮಾಡುವುದು ಬಹಳ ಕಷ್ಟ. ಸರಕಾರಿ ಜಾಗದಲ್ಲಿ ಕಟ್ಟಿದ ಮನೆಯನ್ನು ಸಕ್ರಮ ಮಾಡುವ, ಭೂಕಂದಾಯ ಕಾಯ್ದೆಯ 94ಸಿ ಅಡಿಯ ಹಕ್ಕುಪತ್ರ ಜಾಗದ ಮೇಲಿನ ಹಕ್ಕನ್ನು ಹೇಳುತ್ತದೆ, ಸಿಆರ್‌ಝಡ್ ಅನುಮತಿಯನ್ನಲ್ಲ. ಎರಡನ್ನೂ ಒಂದೇ ಎಂದುಕೊಳ್ಳಬೇಡಿ.

ನದಿ ದಂಡೆಯವರು ಒಂದು ವಿಚಿತ್ರವನ್ನು ಗಮನಿಸಿ. ಹಳ್ಳಿಯ ಹೊಳೆ ದಂಡೆಯಲ್ಲಿ ಸಿಆರ್‌ಝಡ್ 50 ಮೀಟರ್, ನಿಷಿದ್ಧ ವಲಯವೂ ಅದೇ 50 ಮೀಟರ್. ನಡುವೆ ‘ಷರತ್ತಿನ ಮೇಲೆ ಮನೆ’ ಎಂಬ ಪಟ್ಟಿಯೇ ಉಳಿದಿಲ್ಲ. 50ರೊಳಗೆ ಹೊಸ ಮನೆ ಇಲ್ಲ, 50 ದಾಟಿದರೆ ಸಿಆರ್‌ಝಡ್ಡೇ ಇಲ್ಲ. ಅಲ್ಲಿ ಒಂದೆರಡು ಮೀಟರಿನ ಅಳತೆಗೆ ಅಷ್ಟು ಬೆಲೆ.

ನಗರದ 2ನೇ ವರ್ಗದಲ್ಲಿ ನಿಯಮ ಬೇರೆ. ಈಗಿರುವ ರಸ್ತೆ ಅಥವಾ ಅಧಿಕೃತ ಕಟ್ಟಡಗಳ ನೆಲದ ಕಡೆಯ ಬದಿಯಲ್ಲಿ ಕಟ್ಟಬಹುದು, ಕಡಲ ಬದಿಯಲ್ಲಿ ಇಲ್ಲ. ಆಮೇಲೆ ಮಾಡಿಕೊಂಡ ಮಣ್ಣಿನ ರಸ್ತೆಯನ್ನು ತೋರಿಸಿದರೆ ನಡೆಯುವುದಿಲ್ಲ.

ಹೋಂಸ್ಟೇಗೆ ಸ್ಥಳೀಯರಿಗೆ ಅವಕಾಶವಿದೆ. ಇರುವ ಮನೆಯ ಅಡಿಪಾಯ, ವಿನ್ಯಾಸ, ಮುಖ ಬದಲಿಸಬಾರದು. ಹಿತ್ತಿಲಲ್ಲಿ ನಾಲ್ಕು ಕಾಟೇಜು ಎಬ್ಬಿಸಿದರೆ ಅದು ಹೋಂಸ್ಟೇ ಅಲ್ಲ.

‘ಪಂಚಾಯತು ಲೈಸೆನ್ಸ್ ಕೊಟ್ಟಿದೆ’ ಎಂಬ ಮಾತು ಎಷ್ಟು ಗಟ್ಟಿ ಎಂದು ನೋಡಬೇಕಾದರೆ ಕೊಚ್ಚಿಯ ಮರಡು ಸಾಕು. ಅಲ್ಲಿನ ನಾಲ್ಕು ಬಹುಮಹಡಿ ವಸತಿ ಸಮುಚ್ಚಯಗಳಿಗೆ ಆಗಿನ ಪಂಚಾಯತಿನ ಪರವಾನಗಿ ಇತ್ತು, ಕರಾವಳಿ ಪ್ರಾಧಿಕಾರದ ಒಪ್ಪಿಗೆ ಇರಲಿಲ್ಲ. 2019ರ ಮೇ 8ರಂದು ಸುಪ್ರೀಂ ಕೋರ್ಟ್ ಕೆಡವಲು ಹೇಳಿತು, 2020ರ ಜನವರಿ 11 ಮತ್ತು 12ರಂದು ಸ್ಫೋಟಕ ಇಟ್ಟು ಕೆಡವಿದರು.

ಊರಿನ ಸಾಮೂಹಿಕ ಜಾಗವನ್ನು ನಕ್ಷೆಗೆ ಏರಿಸುವುದು

ನಮ್ಮ ಲೆಕ್ಕದಲ್ಲಿ ಇಡೀ ವಿಷಯದಲ್ಲಿ ಎಲ್ಲರೂ ಕಡೆಗಣಿಸುವ, ಆದರೆ ಬಹಳ ಬೆಲೆಯುಳ್ಳ ಕೆಲಸ ಇದು. ಮೀನುಗಾರರ ಹಳ್ಳಿ, ಅವರ ಸಾಮೂಹಿಕ ಆಸ್ತಿ, ಧಕ್ಕೆ (ದೋಣಿ ನಿಲ್ಲುವ ಕಟ್ಟೆ), ಮಂಜುಗಡ್ಡೆ ಘಟಕ, ಮೀನು ಒಣಗಿಸುವ ಅಂಗಳ, ಅವರು ಬಳಸುವ ರಸ್ತೆ, ಶಾಲೆ, ಔಷಧಾಲಯ ಇವನ್ನೆಲ್ಲ ಸರ್ವೆ ಪ್ರಮಾಣದ ನಕ್ಷೆಯಲ್ಲಿ ಗುರುತಿಸಬೇಕು ಎಂದು ನಿಯಮವಿದೆ. ಮೀನುಗಾರ ಸಮುದಾಯದ ಮುಂದಿನ ವರ್ಷಗಳ ವಸತಿ ಅಗತ್ಯಕ್ಕೆ ವಿವರವಾದ ಯೋಜನೆ ಮಾಡುವುದೂ ರಾಜ್ಯದ ಹೊಣೆ. ನಕ್ಷೆಯಲ್ಲಿ ಗುರುತಿಲ್ಲದ ಒಣಮೀನಿನ ಅಂಗಳ ನಾಳೆ ಬಂದರು ಯೋಜನೆಯ ಕಾಗದದಲ್ಲಿ ‘ಖಾಲಿ ಮರಳು ಜಾಗ’ ಆಗುತ್ತದೆ. ಹೊನ್ನಾವರದ ಕಾಸರಕೋಡು ಟೊಂಕದಂಥ ಕಡೆ ಹೆಂಗಸರು ಮೀನು ಹರಡುವ ಮರಳು ಮಳೆಗಾಲದಲ್ಲಿ ನೋಡಿದವರಿಗೆ ಖಾಲಿಯಾಗಿಯೇ ಕಾಣುತ್ತದೆ.

ಮಾಡಬೇಕಾದ್ದು ಇಷ್ಟು. ಊರಿನ ನಕ್ಷೆಯ ದೊಡ್ಡ ಪ್ರತಿ ಹರಡಿ, ಹಿರಿಯರು, ದೋಣಿಯವರು, ಮೀನು ಒಣಗಿಸುವ ಮತ್ತು ಮಾರುವ ಹೆಂಗಸರು ಕೂತು ಜಾಗ ಗುರುತಿಸಿ. ಹೆಂಗಸರನ್ನು ಬಿಟ್ಟು ಮಾಡಿದರೆ ದೋಣಿ ಎಳೆಯುವ ಜಾಗ ಬರುತ್ತದೆ, ಒಣಗಿಸುವ ಅಂಗಳ ತಪ್ಪುತ್ತದೆ. ಆಮೇಲೆ ಫೋನಿನ ಜಿಪಿಎಸ್ ಹಿಡಿದು ಪ್ರತಿ ಜಾಗದ ನಾಲ್ಕು ಮೂಲೆಗಳಿಗೆ ನಡೆದು ಅಕ್ಷಾಂಶ, ರೇಖಾಂಶ ಬರೆದುಕೊಳ್ಳಿ. ದೋಣಿ ಎಳೆಯುವ ಜಾಗ, ಬಲೆ ಹೆಣೆಯುವ ಜಾಗ, ಒಣಗಿಸುವ ಅಂಗಳ, ಚಿಪ್ಪು ಹೆಕ್ಕುವ ಕೆಸರು, ಕಡಲಿಗೆ ಇಳಿಯುವ ದಾರಿ ಪ್ರತಿಯೊಂದಕ್ಕೂ ಬೇರೆ ಸಾಲು, ಯಾವ ತಿಂಗಳಿನಿಂದ ಯಾವ ತಿಂಗಳವರೆಗೆ ಬಳಕೆ, ಎಷ್ಟು ಕುಟುಂಬ ಎಂಬ ವಿವರ. ಈ ಪಟ್ಟಿಯನ್ನು ಗ್ರಾಮಸಭೆಯಲ್ಲಿ ಮಂಡಿಸಿ ನಿರ್ಣಯ ಬರೆಸಿ. ನಿರ್ಣಯದ ದೃಢೀಕೃತ ಪ್ರತಿಯನ್ನು ಜಿಲ್ಲಾಧಿಕಾರಿಯವರಿಗೂ, ಪ್ರಾದೇಶಿಕ ನಿರ್ದೇಶಕರಿಗೂ, ರಾಜ್ಯ ಪ್ರಾಧಿಕಾರದ ಸದಸ್ಯ ಕಾರ್ಯದರ್ಶಿಯವರಿಗೂ ನೋಂದಾಯಿತ ಅಂಚೆಯಲ್ಲಿ ಕಳಿಸಿ. ಕರಡು ಯೋಜನೆ ಪ್ರಕಟವಾದಾಗ ಜಿಲ್ಲಾ ಮಟ್ಟದ ಸಾರ್ವಜನಿಕ ಅಹವಾಲು ನಡೆಯುತ್ತದೆ. ಅಲ್ಲಿ ಹೊಸದಾಗಿ ಪಟ್ಟಿ ಮಾಡಲು ಸಮಯ ಸಿಗುವುದಿಲ್ಲ, ಮೊದಲೇ ಸಿದ್ಧವಿರಬೇಕು.

ಜಿಲ್ಲಾಧಿಕಾರಿಯವರ ಅಧ್ಯಕ್ಷತೆಯ ಜಿಲ್ಲಾ ಸಮಿತಿಯಲ್ಲಿ ಮೀನುಗಾರರೂ ಸೇರಿದಂತೆ ಸ್ಥಳೀಯ ಸಾಂಪ್ರದಾಯಿಕ ಸಮುದಾಯಗಳ ಕನಿಷ್ಠ ಮೂವರು ಪ್ರತಿನಿಧಿಗಳು ಇರಬೇಕು. ನಿಮ್ಮ ಜಿಲ್ಲೆಯಲ್ಲಿ ಆ ಮೂವರು ಯಾರು, ಕಳೆದ ಸಭೆ ಯಾವಾಗ ಆಯಿತು ಎಂಬುದನ್ನು ಮಾಹಿತಿ ಹಕ್ಕಿನಲ್ಲಿ ಕೇಳಿ. ಎಷ್ಟೋ ಬಾರಿ ಆ ಪ್ರಶ್ನೆಯೇ ಸಭೆ ಕರೆಸುತ್ತದೆ.

ದೊಡ್ಡ ಯೋಜನೆ ಬಂದಾಗ: ಸಾರ್ವಜನಿಕ ಅಹವಾಲು

ಬಂದರಿನಂಥ ಯೋಜನೆಗೆ 2006ರ ಪರಿಸರ ಪರಿಣಾಮ ಅಧಿಸೂಚನೆಯಂತೆ ಅಹವಾಲು ನಡೆಯಬೇಕು. ಒಂದು ರಾಷ್ಟ್ರೀಯ, ಒಂದು ಪ್ರಾದೇಶಿಕ ಭಾಷೆಯ ದಿನಪತ್ರಿಕೆಯಲ್ಲಿ ಕನಿಷ್ಠ 30 ದಿನ ಮೊದಲು ಪ್ರಕಟಣೆ ಬರಬೇಕು. ಕರಡು ವರದಿಯೂ ಕನ್ನಡದ ಸಾರಾಂಶವೂ ಜಿಲ್ಲಾಧಿಕಾರಿ ಕಚೇರಿ, ಜಿಲ್ಲಾ ಪಂಚಾಯತು, ಮಾಲಿನ್ಯ ನಿಯಂತ್ರಣ ಮಂಡಳಿಯ ಕಚೇರಿಯಲ್ಲಿ ನೋಡಲು ಸಿಗಬೇಕು. ಪ್ರಕಟಣೆ ಬಂದ ದಿನವೇ ಹೋಗಿ. ವರದಿ ಇಲ್ಲ ಎಂದರೆ ‘ಇಂದು ಇಷ್ಟು ಗಂಟೆಗೆ ಬಂದೆವು, ವರದಿ ಲಭ್ಯವಿರಲಿಲ್ಲ’ ಎಂದು ಬರೆದು ಅದೇ ಕಚೇರಿಯ ಟಪ್ಪಾಲಿಗೆ ಕೊಟ್ಟು ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ಮುಂದೆ ಆ ಒಂದು ಹಾಳೆ ನೂರು ಜನರ ಘೋಷಣೆಗಿಂತ ಭಾರವಾಗುತ್ತದೆ.

ವರದಿಯಲ್ಲಿ ಮೊದಲು ನೋಡಬೇಕಾದ್ದು ನಕ್ಷೆ. ಸಿಆರ್‌ಝಡ್ ಅನುಮತಿಗೆ 1:4,000 ಪ್ರಮಾಣದಲ್ಲಿ ಭರತ, ಇಳಿತದ ಗೆರೆ ಎಳೆದು ಯೋಜನೆಯ ವಿನ್ಯಾಸವನ್ನು ಅದರ ಮೇಲೆ ಕೂರಿಸಿರಬೇಕು. ಜತೆಗೆ ಸುತ್ತಲ 7 ಕಿ.ಮೀ. ತೋರಿಸುವ 1:25,000ದ ನಕ್ಷೆ ಬೇಕು. ನಿಮ್ಮ ಪಟ್ಟಿಯ ಜಾಗಗಳನ್ನು ಅದರ ಮೇಲೆ ಇಟ್ಟು ನೋಡಿ. ಎರಡನೆಯದು, ಮಾಹಿತಿ ಕಲೆಹಾಕಿದ ತಿಂಗಳುಗಳು. ಇಂಥ ವರದಿಗಳು ಸಾಮಾನ್ಯವಾಗಿ ಮಳೆಗಾಲ ಬಿಟ್ಟು ಒಂದೇ ಋತುವಿನ ಮಾಹಿತಿಯ ಮೇಲೆ ನಿಲ್ಲುತ್ತವೆ. ನಮ್ಮ ಕರಾವಳಿಯಲ್ಲಿ ಕೊರೆತ, ಅಳಿವೆಯ ಸರಿದಾಟ ಎಲ್ಲ ಆಗುವುದೇ ಮಳೆಗಾಲದಲ್ಲಿ. ತೀವ್ರ ಕೊರೆತದ ತೀರದಲ್ಲಿ ಬಂದರು ಯೋಜನೆಯನ್ನು ಅಧಿಸೂಚನೆಯೇ ನಿಷೇಧಿಸಿದೆ. ಆದ್ದರಿಂದ ‘ಈ ತೀರ ಯಾವ ವರ್ಗದ ಕೊರೆತದ್ದು, ಯಾವ ಪುಟದಲ್ಲಿದೆ’ ಎಂಬ ಪ್ರಶ್ನೆ ಖಂಡಿತ ಇರಲಿ. ಮೂರನೆಯದು ಜೀವಿಗಳ ಪಟ್ಟಿ. ಕಡಲಾಮೆ ಗೂಡು ಮಾಡುವ ಕರೆಯಲ್ಲಿ ಆಮೆಯ ಹೆಸರೇ ಇಲ್ಲದಿದ್ದರೆ ಹಿಂದಿನ ವರ್ಷಗಳ ಅರಣ್ಯ ಇಲಾಖೆಯ ದಾಖಲೆ ತಂದು ಇಡಿ.

ಆಕ್ಷೇಪಣೆ ಬರವಣಿಗೆಯಲ್ಲಿ ಕೊಡಿ. ಪುಟ ಸಂಖ್ಯೆ, ಅಲ್ಲಿ ಹೇಳಿದ್ದು, ವಾಸ್ತವ ಏನು, ಅದಕ್ಕೆ ಆಧಾರ. ಒಂದೇ ಒಕ್ಕಣೆಯ ಸಾವಿರ ಅರ್ಜಿಗಿಂತ ಬೇರೆ ಬೇರೆ ಹತ್ತು ಅರ್ಜಿಗಳಿಗೆ ಉತ್ತರ ಕೊಡುವುದು ಯೋಜನೆಯವರಿಗೆ ಕಷ್ಟ. ಸಭೆಯ ಅಧ್ಯಕ್ಷತೆ ಜಿಲ್ಲಾಧಿಕಾರಿಯವರದು, ಅಥವಾ ಅಪರ ಜಿಲ್ಲಾ ದಂಡಾಧಿಕಾರಿ ದರ್ಜೆಗೆ ಕಡಿಮೆಯಲ್ಲದವರದು. ಇಷ್ಟು ಜನ ಇರಲೇಬೇಕು ಎಂಬ ಕೋರಂ ನಿಯಮ ಇಲ್ಲ. ಬಹಿಷ್ಕರಿಸಿ ಹೊರಗೆ ಕೂತರೆ ಒಳಗೆ ಸಭೆ ನಡೆದೇ ಹೋಗಬಹುದು, ಕಡತದಲ್ಲಿ ‘ಆಕ್ಷೇಪ ಬಂದಿಲ್ಲ’ ಎಂದು ಕೂರಬಹುದು. ಬಹಿಷ್ಕಾರ ಮಾಡುವುದೇ ಆದರೆ ಲಿಖಿತ ಆಕ್ಷೇಪಣೆ ಸಲ್ಲಿಸಿ ಆಮೇಲೆ ಹೊರಬನ್ನಿ. ಪೂರ್ತಿ ನಡಾವಳಿ ವಿಡಿಯೊ ಆಗಬೇಕು. ಕೊನೆಗೆ ಎತ್ತಿದ ವಿಷಯಗಳನ್ನು ಕನ್ನಡದಲ್ಲಿ ಓದಿ ಹೇಳಿ, ಅದೇ ದಿನ ಅಧ್ಯಕ್ಷರ ಸಹಿ ಬೀಳಬೇಕು. ಓದಿ ಹೇಳುವವರೆಗೆ ಯಾರಾದರೂ ನಾಲ್ಕು ಜನ ಅಲ್ಲೇ ಇರಿ. ಊಟದ ಹೊತ್ತಿಗೆ ಎಲ್ಲರೂ ಎದ್ದುಹೋದರೆ ಬಿಟ್ಟುಹೋದ ವಿಷಯವನ್ನು ಸೇರಿಸಿ ಎನ್ನಲು ಯಾರೂ ಉಳಿದಿರುವುದಿಲ್ಲ.

ಅಕ್ರಮ ನಡೆಯುತ್ತಿದ್ದರೆ

ಇಲ್ಲಿ ಗಡಿಯಾರ ಓಡುತ್ತಿರುತ್ತದೆ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಮೂಲ ಅರ್ಜಿ ಹಾಕಲು ಕಾರಣ ಮೊದಲು ಹುಟ್ಟಿದ ದಿನದಿಂದ 6 ತಿಂಗಳು. ಸಕಾರಣವಿದ್ದರೆ ಇನ್ನು 60 ದಿನ, ಅದರಾಚೆ ಇಲ್ಲ. ಅನುಮತಿ ಆದೇಶದ ವಿರುದ್ಧ ಮೇಲ್ಮನವಿಗೆ 30 ದಿನ, ಜತೆಗೆ ಗರಿಷ್ಠ 60. ಪರಿಹಾರ ಅಥವಾ ಹಾಳಾದ ಜಾಗದ ಪುನಶ್ಚೇತನ ಕೇಳುವುದಾದರೆ 5 ವರ್ಷ. ಕಚೇರಿಯಿಂದ ಕಚೇರಿಗೆ ದೂರು ಕೊಡುತ್ತಾ ‘ಪರಿಶೀಲನೆಯಲ್ಲಿದೆ’ ಎಂಬ ಉತ್ತರಕ್ಕೆ ಕಾದು ಕೂತವರು ಕಳೆದುಕೊಳ್ಳುವುದು ಈ 6 ತಿಂಗಳನ್ನು. ಉತ್ತರ ಬಂದ ದಿನದಿಂದ ಅವಧಿ ಹೊಸದಾಗಿ ಶುರುವಾಗುತ್ತದೆ ಎಂದು ನಂಬಿ ಕೂರಬೇಡಿ.

ಮೊದಲ ವಾರದಲ್ಲೇ ಸಾಕ್ಷ್ಯ ಕೂಡಿಸಿ. ದಿನಾಂಕ, ಸ್ಥಳಾಂಕ ಬೀಳುವ ಫೋಟೊಗಳು, ಅದರಲ್ಲಿ ಬದಲಾಗದ ಗುರುತೊಂದು, ದೇವಸ್ಥಾನವೋ ದೀಪಸ್ತಂಭವೋ ಸೇತುವೆಯೋ, ಕಾಣುವಂತೆ ತೆಗೆಯಿರಿ. ಹುಣ್ಣಿಮೆ ಅಥವಾ ಅಮಾವಾಸ್ಯೆಯ ಭರತದ ಹೊತ್ತಿಗೆ ಒಮ್ಮೆ ತೆಗೆದರೆ ನೀರು ಗೋಡೆಗೆ ಎಷ್ಟು ಹತ್ತಿರ ಎಂಬುದು ತಾನೇ ತಿಳಿಯುತ್ತದೆ. ಗೂಗಲ್ ಅರ್ತ್‌ನಲ್ಲಿ ಅದೇ ಜಾಗದ ಹಳೆಯ ವರ್ಷಗಳ ಚಿತ್ರ ಸಿಗುತ್ತದೆ, ಮರಳ ದಿಬ್ಬ ಇದ್ದದ್ದು, ಕಾಂಡ್ಲಾ ಕಡಿದದ್ದು ಅದರಲ್ಲಿ ಕಾಣುತ್ತದೆ. ಮರಳು ತೆಗೆಯುವುದು, ದಿಬ್ಬ ಸಮ ಮಾಡುವುದು, ಕಟ್ಟಡದ ಕಸ ಸುರಿದು ತುಂಬಿಸುವುದು, ಸಂಸ್ಕರಿಸದ ಕೊಳಚೆ ಬಿಡುವುದು ಯಾವುದೆಂದು ಸ್ಪಷ್ಟವಾಗಿ ಬರೆಯಿರಿ. ‘ಪರಿಸರ ನಾಶ’ ಎಂದರೆ ಯಾರಿಗೂ ಏನೂ ಅರ್ಥವಾಗುವುದಿಲ್ಲ.

ದೂರಿನಲ್ಲಿ ಇರಬೇಕಾದ್ದು: ಗ್ರಾಮ, ಸರ್ವೆ ನಂಬರು, ಸ್ಥಳಾಂಕ, ನಕ್ಷೆಯಂತೆ ವರ್ಗ, ಭರತ ರೇಖೆಯಿಂದ ಅಂದಾಜು ದೂರ, ಯಾವ ದಿನ ಕೆಲಸ ಶುರುವಾಯಿತು, ಯಾವ ಯಂತ್ರ, ಈಗ ಯಾವ ಹಂತ, ಏನು ಕೇಳುತ್ತೀರಿ. ಕೇಳಬೇಕಾದ್ದು ಎರಡು, ಒಂದು ದೂರುದಾರರ ಸಮಕ್ಷಮ ಸ್ಥಳ ಪರಿಶೀಲನೆ, ಇನ್ನೊಂದು ಪರಿಸರ ಸಂರಕ್ಷಣಾ ಕಾಯ್ದೆಯ 5ನೇ ಕಲಮಿನಡಿ ಕೆಲಸ ನಿಲ್ಲಿಸುವ ನಿರ್ದೇಶನ. ಜಿಲ್ಲಾಧಿಕಾರಿ, ಪ್ರಾದೇಶಿಕ ನಿರ್ದೇಶಕರು, ರಾಜ್ಯ ಪ್ರಾಧಿಕಾರ, ಪಂಚಾಯತು ನಾಲ್ಕಕ್ಕೂ ಒಂದೇ ದಿನ ಕೊಡಿ. ಕೊಳಚೆಯಾದರೆ ಮಾಲಿನ್ಯ ನಿಯಂತ್ರಣ ಮಂಡಳಿಗೂ. ಹದಿನೈದು ದಿನ ಬಿಟ್ಟು ‘ನನ್ನ ಇಂಥ ದಿನಾಂಕದ ದೂರಿನ ಮೇಲೆ ಕೈಗೊಂಡ ಕ್ರಮದ ಕಡತದ ಪ್ರತಿ’ ಎಂದು ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಸ್ಥಳ ಪರಿಶೀಲನೆಯ ಮಹಜರಿಗೆ ಸಹಿ ಹಾಕುವ ಮೊದಲು ಓದಿ, ದೂರ ತಪ್ಪಾಗಿದ್ದರೆ ನಿಮ್ಮ ಆಕ್ಷೇಪವನ್ನು ಅದರಲ್ಲೇ ಬರೆದು ಸಹಿ ಮಾಡಿ.

ಒಂದು ಎಚ್ಚರ. ರೆಸಾರ್ಟಿನ ಮೇಲೆ ದೂರು ಬಿದ್ದ ಕೂಡಲೇ ಎದುರು ಪಕ್ಷ ಅದೇ ತೀರದ ಮೀನುಗಾರರ ಮನೆಗಳ ಪಟ್ಟಿ ಕೊಟ್ಟು ‘ಇವೂ ಅಕ್ರಮ’ ಎನ್ನುವುದು ಮಾಮೂಲು. ಹಾಗಾಗಿ ಮೇಲೆ ಹೇಳಿದ ಹಳೆಯ ಮನೆಗಳ ದಾಖಲೆಯನ್ನು ದೂರು ಕೊಡುವ ಮೊದಲೇ ಊರಿನವರು ಜೋಡಿಸಿಟ್ಟುಕೊಂಡಿರಬೇಕು.

ದಂಡದ ಬಗ್ಗೆ ಹೆಚ್ಚು ಆಸೆ ಬೇಡ. 2023ರ ಜನ ವಿಶ್ವಾಸ ಕಾಯ್ದೆಯ ತಿದ್ದುಪಡಿಯ ನಂತರ ಪರಿಸರ ಸಂರಕ್ಷಣಾ ಕಾಯ್ದೆಯ ಉಲ್ಲಂಘನೆಗೆ ಜೈಲಿನ ಬದಲು 10 ಸಾವಿರದಿಂದ 15 ಲಕ್ಷ ರೂಪಾಯಿವರೆಗಿನ ದಂಡ ಬಂದಿದೆ. ದೊಡ್ಡ ಹೂಡಿಕೆಯವರಿಗೆ ಅದು ಖರ್ಚಿನ ಒಂದು ಬಾಬತ್ತು. ಅವರನ್ನು ನಿಜವಾಗಿ ಕಾಡುವುದು ಕೆಲಸ ನಿಲ್ಲಿಸುವ ಆದೇಶ.

ಕರ್ನಾಟಕದ ಪ್ರಕರಣಗಳು ನ್ಯಾಯಮಂಡಳಿಯ ಚೆನ್ನೈ ಪೀಠಕ್ಕೆ ಹೋಗುತ್ತವೆ. ಪರಿಹಾರ ಕೇಳದ ಅರ್ಜಿಗೆ ಶುಲ್ಕ 1,000 ರೂಪಾಯಿ, ಬಡತನ ರೇಖೆಗಿಂತ ಕೆಳಗಿನವರಿಗೆ ವಿನಾಯಿತಿ ಇದೆ. ವಕೀಲರಿಲ್ಲದೆ ಸ್ವತಃ ವಾದಿಸಬಹುದು, ಸಂಘವೂ ಅರ್ಜಿದಾರ ಆಗಬಹುದು. ಕಲಾಪದ ಭಾಷೆ ಇಂಗ್ಲಿಷ್. ಆದ್ದರಿಂದ ಕನ್ನಡದ ಆರ್‌ಟಿಸಿ, ಗ್ರಾಮಸಭೆ ನಿರ್ಣಯ, ಮಹಜರುಗಳ ಅನುವಾದ ಮೊದಲೇ ಮಾಡಿಸಿಡಿ. ಕೊನೆಯ ವಾರದಲ್ಲಿ ಎಲ್ಲರೂ ಪರದಾಡುವುದು ಇದಕ್ಕೇ. ಮಹಿಳೆಯರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ, ಆದಾಯ ಮಿತಿಯೊಳಗಿನವರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರ ನೆರವು ಸಿಗುತ್ತದೆ. ಅರ್ಜಿದಾರರ ಪಟ್ಟಿಯಲ್ಲಿ ಮೀನುಗಾರ ಮಹಿಳೆಯೊಬ್ಬರ ಹೆಸರಿದ್ದರೆ ಆ ದಾರಿ ಸುಲಭವಾಗುತ್ತದೆ.

ಯೋಜನೆಗೆ ಅನುಮತಿ ಸಿಕ್ಕೇಹೋಗಿದ್ದರೆ ಅನುಮತಿ ಪತ್ರದ ಷರತ್ತುಗಳನ್ನು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಜಾಲತಾಣದಿಂದ ಇಳಿಸಿಕೊಳ್ಳಿ. ಅನುಮತಿ ಪಡೆದವರು ಪ್ರತಿ ವರ್ಷ ಜೂನ್ 1 ಮತ್ತು ಡಿಸೆಂಬರ್ 31ಕ್ಕೆ ಷರತ್ತು ಪಾಲನೆಯ ಅರ್ಧವಾರ್ಷಿಕ ವರದಿ ಕೊಡಬೇಕು. ಆ ಎರಡು ದಿನಾಂಕ ದಾಟಿದ ಮಾರನೆಯ ವಾರ ವರದಿಯ ಪ್ರತಿ ಕೇಳಿ, ಷರತ್ತಿಗೆ ಷರತ್ತು ಎದುರಿಟ್ಟು ಸ್ಥಳದಲ್ಲಿ ನಡೆದು ನೋಡಿ. ‘ಮೀನುಗಾರರ ದಾರಿಗೆ ಅಡ್ಡಿಯಿಲ್ಲ’ ಎಂದು ಬರೆದಿದ್ದ ಜಾಗದಲ್ಲಿ ಬೇಲಿ ಇದ್ದರೆ, ಬೇಲಿಯ ಫೋಟೊ ಮತ್ತು ವರದಿಯ ಆ ಪುಟ ಎರಡನ್ನೂ ಒಟ್ಟಿಗೆ ಪ್ರಾಧಿಕಾರಕ್ಕೆ ಕಳಿಸಿ.